ಬೇಡ ಅಂದದ್ದು ಆಗ್ನೆಸ್ ಅಲ್ಲ

ವೇದಿಕೆಯ ಮೇಲಿರುವ ನಮ್ಮ ಸಂಘದ ಅಧ್ಯಕ್ಷರಾದ ತಿಲಕ್ ಅವರೇ, ಈಗತಾನೇ ಪುಸ್ತಕ ಬಿಡುಗಡೆ ಮಾಡಿ ಕುಳಿತ ಮುಖ್ಯ ಅತಿಥಿ ಡಾಕ್ಟರ್ ರತ್ನಾವತಿಯವರೇ, ನಿರೂಪಣೆ ಮಾಡುತ್ತಿರುವ ಅಪೇಕ್ಷಾ ಅವರೇ, ಶುಕ್ರವಾರದ ಮಧ್ಯಾಹ್ನದ ನಿದ್ದೆಯನ್ನು ಕನ್ನಡಕ್ಕಾಗಿ ತ್ಯಾಗ ಮಾಡಿ ಕುವೈತಿನ ರುಮೈಥಿಯಾದ ಈ ಸಭಾಂಗಣಕ್ಕೆ ಬಂದಿರುವ ಸಭಿಕರೇ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಎಡಗಡೆ ಕುಳಿತು, ನಾನು ಎಷ್ಟು ಹೊತ್ತು ಮಾತನಾಡುತ್ತೇನೆ ಎಂದು ಈಗಲೇ ಗಡಿಯಾರ ನೋಡುತ್ತಿರುವ ಲೇಖಕಿಯವರೇ,

ನನ್ನ ಹೆಸರು ಡೋಲ್ಫಿ. ನಾನು ಲೇಖಕಿಯ ಗಂಡ. ಸಬ್ಹಾನಿನ ಒಂದು ಗೋದಾಮಿನಲ್ಲಿ ಮೂವತ್ತು ವರ್ಷದಿಂದ ಸ್ಟೋರ್‌ಕೀಪರ್. ಈ ಪುಸ್ತಕಕ್ಕೂ ನನಗೂ ಇರುವ ಸಂಬಂಧ ಇಷ್ಟೇ: ಆಗ್ನೆಸ್ ಕೈಯಲ್ಲಿ ಬರೆದಳು, ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ನನಗೆ ಕೊಟ್ಟಿರುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಏನು ಹೇಳಬೇಕೆಂದು ಅವಳೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ. ಸಂಘಕ್ಕೆ ಧನ್ಯವಾದ, ಮುದ್ರಕರಿಗೆ ಧನ್ಯವಾದ, ಮಗಳು ಟೀನಾ ಮುಖಪುಟ ಮಾಡಿದ್ದಕ್ಕೆ ಧನ್ಯವಾದ. ಕೊನೆಯಲ್ಲಿ ಅಡಿಗೆರೆ ಹಾಕಿ, "ಜೋಕು ಬೇಡ" ಎಂದಿದೆ.

ಧನ್ಯವಾದಗಳನ್ನು ಹೇಳಿಯಾಯಿತು. ಇನ್ನೂ ಒಂದೂವರೆ ನಿಮಿಷ ಉಳಿದಿದೆ, ಅಲ್ಲವೇ?

ಟೈಪ್ ಮಾಡುವವನ ಬಗ್ಗೆ ಎರಡು ಮಾತು. ನಾನು ಕುವೈತಿಗೆ ಬರುವ ಮೊದಲು ಉಡುಪಿಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಿರುವುಮುರುವಾಗಿ ಸಾಲು ಮಾಡುವ ಕೆಲಸ. ಮದುವೆಯ ಕಾಗದ, ತಿಥಿಯ ಕಾಗದ, ಯಕ್ಷಗಾನದ ಕರಪತ್ರ, ಇಗರ್ಜಿಯ, ಅಂದರೆ ಚರ್ಚಿನ, ಹಬ್ಬದ ಆಮಂತ್ರಣ, ಎಲ್ಲವೂ ನನ್ನ ಬೆರಳಿನಿಂದ ಹೋಗಿದೆ. ಆ ಕೆಲಸದಲ್ಲಿ ಒಂದು ಅಭ್ಯಾಸ ಬರುತ್ತದೆ. ಅಕ್ಷರ ನೋಡುತ್ತೇವೆ, ಅರ್ಥ ನೋಡುವುದಿಲ್ಲ. ಆಗ್ನೆಸಳ ಕಾದಂಬರಿಯನ್ನೂ ಎಂಟು ಅಧ್ಯಾಯದವರೆಗೆ ನಾನು ಹಾಗೆಯೇ ಟೈಪ್ ಮಾಡಿದೆ. ಒಂಬತ್ತನೆಯದರಲ್ಲಿ ಕೈ ನಿಂತಿತು.

ಪುಸ್ತಕವನ್ನು ನೀವಿನ್ನೂ ಓದಿಲ್ಲ. ಆದ್ದರಿಂದ ಸ್ವಲ್ಪ ಹೇಳಬೇಕಾಗುತ್ತದೆ. ಕಥೆ ನಡೆಯುವುದು ಸುಮಾರು ಏಳುನೂರು ವರ್ಷಗಳ ಹಿಂದಿನ ಇಂಗ್ಲೆಂಡಿನಲ್ಲಿ. ನಾಯಕಿಯ ಹೆಸರು ಮಟಿಲ್ಡಾ. ನಮ್ಮ ಊರ ಕಡೆಯ ಪ್ರತಿ ಇಗರ್ಜಿಯಲ್ಲೂ ಮುಂದಿನ ಬೆಂಚಿನಲ್ಲಿ ಒಬ್ಬಳು ಮಟಿಲ್ಡಾ ಬಾಯಿ ಇರುತ್ತಾಳೆ, ಅವಳಲ್ಲ. ಇವಳು ಪ್ರಭುವಿನ ಮಗಳು, ಆಗ್ನೆಸಳ ಕಲ್ಪನೆಯ ಹುಡುಗಿ. ಆದರೆ ಕಾನೂನು ಕಲ್ಪನೆಯಲ್ಲ, ಅದು ಇತಿಹಾಸ ಎಂದು ಮೇಷ್ಟ್ರಮ್ಮ ನನಗೆ ಹಲವು ಬಾರಿ ಹೇಳಿದ್ದಾಳೆ. ಇಪ್ಪತ್ತೇಳು ವರ್ಷದಿಂದ ಇಲ್ಲಿನ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿರುವವಳು, ಸುಳ್ಳು ಹೇಳುವುದಿಲ್ಲ. ಅಂದಿನ ಕಾಲದಲ್ಲಿ ಅಣ್ಣತಮ್ಮಂದಿರಿಲ್ಲದ ಇಂಥ ಹುಡುಗಿಯ ತಂದೆ ತೀರಿಹೋದರೆ, ಅವಳ ಜಮೀನು ಅವಳಿಗೇ ಬರುತ್ತಿತ್ತು. ಆದರೆ ಅವಳು ಯಾರನ್ನು ಮದುವೆಯಾಗಬೇಕು ಎನ್ನುವುದು ರಾಜನ ಹಕ್ಕು. ಆ ಹಕ್ಕನ್ನು ರಾಜ ತನಗೆ ಬೇಕಾದವರಿಗೆ ಕೊಡಬಹುದು, ಮಾರಲೂಬಹುದು. ಮದುವೆಯಾದ ಮೇಲೆ ಜಮೀನು ಗಂಡನ ಕೈಗೆ. ಹಾಗಾದರೆ ಮದುವೆಯಾದದ್ದು ಹುಡುಗಿಯನ್ನೋ, ಹೊಲವನ್ನೋ?

ಈ ಪ್ರಶ್ನೆಯನ್ನು ಆಗ್ನೆಸ್ ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಕೇಳುತ್ತಾಳಂತೆ. ನನ್ನನ್ನು ಯಾವತ್ತೂ ಕೇಳಿಲ್ಲ.

ನಾನು ಚೀಟಿಯನ್ನು ಕಿಸೆಯಲ್ಲಿ ಇಡುತ್ತೇನೆ. ಅಧ್ಯಕ್ಷರು ಕ್ಷಮಿಸಬೇಕು.

ಆಗ್ನೆಸಳ ಊರು ಶಂಕರಪುರ. ಅಲ್ಲಿನ ಮಲ್ಲಿಗೆಯ ಹೆಸರು ಕೇಳದ ಕರಾವಳಿಯವರು ಈ ಸಭೆಯಲ್ಲಿ ಇರಲಾರರು. ಅವಳ ತಂದೆಗೆ ಅಲ್ಲಿ ಒಂದು ಮಲ್ಲಿಗೆ ಹಿತ್ತಲು, ಅದಕ್ಕೆ ತಾಗಿ ಒಂದಿಷ್ಟು ಗದ್ದೆ, ತೆಂಗು. ತಾಯಿ ಮೊದಲೇ ಇರಲಿಲ್ಲ. ಆಗ್ನೆಸಳಿಗೆ ಹತ್ತೊಂಬತ್ತು ವರ್ಷವಾದಾಗ ತಂದೆಯೂ ಹೋದರು. ಒಬ್ಬಳೇ ಮಗಳು. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಹೂವಿನ ವ್ಯಾಪಾರದ ಕಟ್ಟೆಗೆ ಕೊಟ್ಟು, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಬಿ.ಎ. ಪರೀಕ್ಷೆಗೆ ಓದುವಾಗ ಪುಸ್ತಕದ ನಡುವೆ ಮೊಗ್ಗು ಬಿದ್ದಿರುತ್ತಿತ್ತಂತೆ.

ಅವಳ ತಂದೆಯ ತಮ್ಮ ಲಾದ್ರು. ನಾವು ಕೊಂಕಣಿಯಲ್ಲಿ ಬಾಪ್ಪು ಎನ್ನುತ್ತೇವೆ, ಚಿಕ್ಕಪ್ಪ. ಆ ಬಾಪ್ಪು ಆಗಲೇ ಕುವೈತಿನಲ್ಲಿ, ಸಬ್ಹಾನಿನ ಗೋದಾಮಿನ ಸೂಪರ್‌ವೈಸರ್. ಕಫೀಲನಿಗೆ, ಅಂದರೆ ವೀಸಾ ಕೊಡುವ ಅರಬ್ ಮಾಲೀಕನಿಗೆ, ಬಲಗೈ. ಯಾರಿಗೆ ವೀಸಾ ಬರಬೇಕು, ಯಾರ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಮುಂದುವರಿಯಬೇಕು, ಎಲ್ಲವೂ ಅವರ ಒಂದು ಮಾತಿನಲ್ಲಿ. ಅವರ ಪಾಲಿನ ಜಾಗ ಆಗ್ನೆಸಳ ಹಿತ್ತಲಿಗೆ ತಾಗಿಯೇ ಇತ್ತು. ಎರಡನ್ನೂ ಸೇರಿಸಿದರೆ ರಸ್ತೆಯವರೆಗೆ ಒಂದೇ ತುಂಡು. ಅದರ ಮೇಲೆ ಅವರಿಗೆ ಕಣ್ಣಿತ್ತು.

ಅಚ್ಚುಕೂಟಕ್ಕೆ ಹೊಸ ಯಂತ್ರ ಬಂದು, ಮೊಳೆ ಜೋಡಿಸುವವರು ಬೇಡವಾದ ವರ್ಷ ಅದು. ನಾನು ಬಾಪ್ಪುವಿನ ಹೆಂಡತಿಯ ಕಡೆಯಿಂದ ದೂರದ ಸಂಬಂಧಿ. ಇಪ್ಪತ್ತೆಂಟು ವರ್ಷ, ಕೆಲಸವಿಲ್ಲ, ಎದುರು ಮಾತನಾಡಿ ಗೊತ್ತಿಲ್ಲ. ರಜೆಯಲ್ಲಿ ಊರಿಗೆ ಬಂದಿದ್ದ ಬಾಪ್ಪು ನನ್ನನ್ನು ಕರೆಸಿದರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ನೋಡು ಡೋಲ್ಫಿ, ನಿನಗೆ ವೀಸಾ ನಾನು ಕೊಡಿಸ್ತೇನೆ. ಅಣ್ಣನ ಮಗಳನ್ನೂ ಕೊಡ್ತೇನೆ. ಹುಡುಗಿ ಬಂಗಾರ. ಅವಳಿಗೂ ಒಂದು ವರ್ಷದಲ್ಲಿ ಅಲ್ಲಿಗೆ ವೀಸಾ. ನೀನು ಮಾಡ್ಬೇಕಾದ್ದು ಒಂದೇ ಕೆಲಸ. ಆ ಹಿತ್ತಲಿನ ಅಧಿಕಾರ ಪತ್ರಕ್ಕೆ ಅವಳ ಸಹಿ ಹಾಕಿಸಿ ನನಗೆ ಕೊಡ್ಬೇಕು."

"ಅವಳಿಗೆ ಗೊತ್ತುಂಟಾ ಬಾಪ್ಪು?"

"ಗಂಡ ಹೇಳಿದ್ರೆ ಹೆಂಡ್ತಿ ಸಹಿ ಹಾಕುದಿಲ್ವಾ? ಯಲ್ಲಾ, ಒಂದು ಕಾಗದದಲ್ಲಿ ಬರೆದು ಕೊಡು, ಸಾಕು."

ಸಭಿಕರೇ, ನಾನು ಬರೆದುಕೊಟ್ಟೆ. ಅಚ್ಚುಕೂಟದ ತಲೆಬರಹವಿದ್ದ ಹಾಳೆಯ ಮೇಲೆ, ದುಂಡಗಿನ ಅಕ್ಷರದಲ್ಲಿ, ತಾರೀಕು ಸಮೇತ. ಆಗ್ನೆಸಳನ್ನು ನಾನು ಆವರೆಗೆ ಒಮ್ಮೆ ಮಾತ್ರ ನೋಡಿದ್ದೆ, ಅದೂ ಇಗರ್ಜಿಯ ಮೆಟ್ಟಿಲಿನ ಮೇಲೆ, ಹಿಂದಿನಿಂದ.

ಟೀನಾ, ನೀನು ಫೋನ್ ಕೆಳಗಿಟ್ಟದ್ದು ನನಗೆ ಇಲ್ಲಿಂದ ಕಾಣುತ್ತದೆ. ಈ ಭಾಗ ನಿನಗೂ ಗೊತ್ತಿಲ್ಲ. ಕನ್ನಡ ಅರ್ಥವಾಗುವುದಿಲ್ಲ ಎಂದು ಹೇಳಬೇಡ, ಬೇಕಾದಾಗ ಚೆನ್ನಾಗಿಯೇ ಅರ್ಥವಾಗುತ್ತದೆ.

ಮದುವೆಯಾಯಿತು. ನಾನು ಮೊದಲು ಇಲ್ಲಿಗೆ ಬಂದೆ, ಹತ್ತು ತಿಂಗಳ ಮೇಲೆ ಆಗ್ನೆಸ್ ಬಂದಳು. ಮೈದಾನ್ ಹವಲ್ಲಿಯಲ್ಲಿ ಇನ್ನೊಂದು ಕುಟುಂಬದ ಜೊತೆ ಒಂದೇ ಫ್ಲ್ಯಾಟು, ನಮಗೊಂದು ಕೋಣೆ. ಆ ಮೊದಲ ತಿಂಗಳುಗಳ ಬಗ್ಗೆ ನಾನು ಏನು ಹೇಳಲಿ? ಅವಳು ಕಿಟಕಿಯ ಹತ್ತಿರ ಕುಳಿತು ಓದುತ್ತಿದ್ದಳು. ನಾನು ಕೆಲಸದಿಂದ ಬಂದ ಮೇಲೆ, ಅಂದು ಓದಿದ್ದನ್ನು ನನಗೆ ಹೇಳುತ್ತಿದ್ದಳು. ರಾಜರು, ಯುದ್ಧಗಳು, ರಾಣಿಯರು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಬಸ್ಸಿನಲ್ಲಿ ಬರುವಾಗ, ಇವತ್ತು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದೆ. ಹಾಗೆ ಕಾಯುವುದಕ್ಕೆ ಏನು ಹೆಸರೆಂದು ಆಗ ನನಗೆ ಗೊತ್ತಿರಲಿಲ್ಲ.

ಬಾಪ್ಪು ಕಾಗದ ತಂದುಕೊಟ್ಟರು. ನಾಲ್ಕು ಹಾಳೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಎದುರು ಸಹಿ ಹಾಕಬೇಕು. ಆಗ್ನೆಸಳಿಗೆ ನಾನು ಹೇಳಿದ್ದು, "ಊರಿನ ಜಾಗದ ತೀರ್ವೆ-ಕಂದಾಯ ಕಟ್ಟಲಿಕ್ಕೆ ಬಾಪ್ಪುವಿಗೆ ಒಂದು ಕಾಗದ ಬೇಕಂತೆ" ಎಂದು. ಇಬ್ಬರೂ ಹೋದೆವು. ಸಾಲಿನಲ್ಲಿ ಕುಳಿತಾಗ ಅವಳು ನಾಲ್ಕು ಹಾಳೆಯನ್ನೂ ಓದಿದಳು. ಬಿ.ಎ. ಓದಿದವಳು, ಓದದೆ ಇರುತ್ತಾಳೆಯೇ?

"ಇದರಲ್ಲಿ ತೀರ್ವೆ ಅಂತ ಎಲ್ಲಿಯೂ ಇಲ್ವಲ್ಲ," ಎಂದಳು. "ಮಾರಲಿಕ್ಕೆ ಅಂತ ಉಂಟು."

"ಅದು ಎಲ್ಲಾ ಕಾಗದದಲ್ಲೂ ಹಾಗೆಯೇ ಬರೀತಾರೆ," ಎಂದೆ ನಾನು.

ಅವಳು ಹಾಳೆಗಳನ್ನು ಮಡಿಚಿ ಮಡಿಲಲ್ಲಿ ಇಟ್ಟುಕೊಂಡಳು. ಹೇಳಿದಳು, "ನೀವು ಹಾಕು ಅಂದ್ರೆ ಹಾಕ್ತೇನೆ. ನನಗೆ ಇಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರು ಗೊತ್ತುಂಟು?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಮ್ಮ ನಂಬರ್ ಕರೆದರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ, "ಸಾರ್, ಪಾಸ್‌ಪೋರ್ಟ್ ಮನೆಯಲ್ಲಿ ಮರೆತು ಬಂದಿದ್ದೇವೆ" ಎಂದೆ. ಎರಡೂ ಪಾಸ್‌ಪೋರ್ಟ್ ನನ್ನ ಅಂಗಿಯ ಕಿಸೆಯಲ್ಲಿದ್ದವು. ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು. "ಇನ್ನೊಮ್ಮೆ ನೋಡುವ" ಎಂದೆ. ಅವಳು ಸರಿ ಎಂದಳು.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಯಾರೋ ತಟ್ಟಲು ಕೈ ಎತ್ತಿಯೂ ಇದ್ದಾರೆ. ಬೇಡ. ದಯವಿಟ್ಟು ಮುಂದಿನದನ್ನು ಕೇಳಿ.

ಮರುದಿನ ಗೋದಾಮಿನಲ್ಲಿ ಬಾಪ್ಪು ಕೇಳಿದರು, "ಎಂತಾಯ್ತು?"

ನಾನು ಏನೆಂದೆ? ಹೆದರಿದ್ದೆ. ನನ್ನ ಇಕಾಮಾ ಅವರ ಕೈಯಲ್ಲಿ, ಅವಳದು ನನ್ನದರ ಬಾಲದಲ್ಲಿ. "ಅವಳು ಬೇಡ ಅಂತಾಳೆ ಬಾಪ್ಪು. ಸಹಿ ಹಾಕುದಿಲ್ಲ ಅಂತ ಹಠ ಹಿಡಿದಿದ್ದಾಳೆ. ನಾನು ಎಷ್ಟು ಹೇಳಿದ್ರೂ ಕೇಳುದಿಲ್ಲ."

ಬಾಪ್ಪು ನನ್ನ ಹೆಗಲ ಮೇಲೆ ಕೈಯಿಟ್ಟು, "ಖಲಾಸ್. ನಿನ್ನ ತಪ್ಪಲ್ಲ ಮಾರಾಯ" ಎಂದರು. ಚಹಾ ತರಿಸಿದರು. ನಾನು ಕುಡಿದೆ.

ಆ ಚಹಾವನ್ನು ನಾನು ಒಂಬತ್ತು ವರ್ಷ ಕುಡಿದೆ. ಬಾಪ್ಪು ನಿವೃತ್ತರಾಗಿ ಊರಿಗೆ ಹೋಗುವವರೆಗೆ ದಿನಾ ಹತ್ತು ಗಂಟೆಗೆ ನನ್ನನ್ನು ಕರೆಯುತ್ತಿದ್ದರು. ಹಠಮಾರಿ ಹೆಂಡತಿಯನ್ನು ಕಟ್ಟಿಕೊಂಡ ಪಾಪದ ಹುಡುಗ ಎಂದು ಎಲ್ಲರಿಗೂ ಪರಿಚಯಿಸುತ್ತಿದ್ದರು. ಆಗ್ನೆಸಳ ಜೊತೆ ಮಾತ್ರ ಮಾತು ಬಿಟ್ಟರು. ಅವರ ಮನೆಯವರೂ ಬಿಟ್ಟರು. ಇಗರ್ಜಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಅವಳು, ಸಹಿ ತಡವಾದದ್ದಕ್ಕೆ ಬಾಪ್ಪು ಕೋಪ ಮಾಡಿಕೊಂಡಿದ್ದಾರೆ ಎಂದುಕೊಂಡಳು. ನಾನು ತಿದ್ದಲಿಲ್ಲ, ಆ ಕಾಗದ ಇನ್ನು ಬೇಡವಂತೆ ಎಂದು ಮಾತ್ರ ಹೇಳಿದೆ.

ಬಾಪ್ಪುವಿನ ಮಗಳು ವೆಲಿಟಾಳ ಮದುವೆ ಇಲ್ಲಿಯೇ ಕುವೈತಿನಲ್ಲಿ ನಡೆಯಿತು. ಸಣ್ಣವಳಿದ್ದಾಗ ಆಗ್ನೆಸ್ ಎತ್ತಿ ಆಡಿಸಿದ ಹುಡುಗಿ. ಬಾಪ್ಪು ನನ್ನ ಹತ್ತಿರ, "ನೀನು ಬಾ" ಎಂದರು. ನೀನು ಎಂದರೆ ನಾನೊಬ್ಬನೇ. ಮನೆಗೆ ಬಂದು ಹೇಳಿದೆ. ಆಗ್ನೆಸ್ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. "ಅವಳ ಸೀರೆ ಯಾವ ಬಣ್ಣದ್ದು ಅಂತ ನೋಡಿ ಬನ್ನಿ" ಎಂದಳು. ನಾನು ಹೋದೆ. ಬಿರಿಯಾನಿ ತಿಂದೆ. ಎರಡು ಸಲ ಬಡಿಸಿಕೊಂಡೆ. ಸೀರೆಯ ಬಣ್ಣ ನೋಡಲು ಮರೆತೆ.

ಈಗ ಒಂಬತ್ತನೆಯ ಅಧ್ಯಾಯಕ್ಕೆ ಬರುತ್ತೇನೆ.

ಕಳೆದ ವರ್ಷ, ಹೀಗೆಯೇ ಒಂದು ಶುಕ್ರವಾರ ಬೆಳಿಗ್ಗೆ. ನಾನು ಊಟದ ಮೇಜಿನ ಮೇಲೆ ಟೈಪ್ ಮಾಡುತ್ತಿದ್ದೆ, ಆಗ್ನೆಸ್ ಒಳಗೆ ದೋಸೆ ಹೊಯ್ಯುತ್ತಿದ್ದಳು. ಕಾದಂಬರಿಯಲ್ಲಿ ಮಟಿಲ್ಡಾಳನ್ನು ರಾಜ ರಾಬರ್ಟ್ ಎಂಬ ಯೋಧನಿಗೆ ಕೊಡಿಸಿದ್ದಾನೆ. ಹಾಗೆ ಕೊಡಿಸಲು ಶಿಫಾರಸು ಮಾಡಿದ ಆಸ್ಥಾನಿಕನಿಗೆ ಅವಳ ಜಮೀನಿನಲ್ಲಿ ಅರ್ಧ ಬಿಟ್ಟುಕೊಡುವುದಾಗಿ ರಾಬರ್ಟ್ ಮಾತು ಕೊಟ್ಟಿದ್ದಾನೆ. ಅದಕ್ಕಾಗಿ ಹೆಂಡತಿಯನ್ನು ನ್ಯಾಯಾಲಯಕ್ಕೆ ಕರೆತಂದಿದ್ದಾನೆ. ಅಂದಿನ ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಇತ್ತಂತೆ. ಹೆಂಡತಿಯ ಜಮೀನು ಕೈಬಿಡುವಾಗ ನ್ಯಾಯಾಧೀಶ ಗಂಡನನ್ನು ದೂರ ಕಳಿಸಿ, ಅವಳೊಬ್ಬಳನ್ನೇ ನಿಲ್ಲಿಸಿ ಕೇಳಬೇಕು, ಇದು ನಿನ್ನ ಸ್ವಂತ ಇಚ್ಛೆಯೇ, ಯಾರಾದರೂ ಒತ್ತಾಯ ಮಾಡಿದರೇ ಎಂದು. ನಾನು ಟೈಪ್ ಮಾಡುತ್ತಿದ್ದ ಸಾಲು ಇದು: "ನ್ಯಾಯಾಧೀಶ ರಾಬರ್ಟನ ಕಡೆ ನೋಡಿ, ನೀನು ಹೊರಗೆ ನಿಲ್ಲು ಎಂದ."

ಏಳುನೂರು ವರ್ಷದ ಹಿಂದೆ ಯಾರೋ ಒಬ್ಬ ಅವಳನ್ನು ಕೇಳಬೇಕೆಂದು ಯೋಚಿಸಿದ್ದ. ನಾನು ಯೋಚಿಸಿರಲಿಲ್ಲ. ಬಾಪ್ಪು ಅವಳನ್ನು ನನಗೆ ಕೊಟ್ಟಾಗ ಕೇಳಲಿಲ್ಲ, ಪಾಸ್‌ಪೋರ್ಟ್ ಮುಚ್ಚಿಟ್ಟಾಗಲೂ ಕೇಳಲಿಲ್ಲ. ಒಳ್ಳೆಯದನ್ನೂ ಅವಳನ್ನು ಕೇಳದೆಯೇ ಮಾಡಿದ್ದೆ.

"ಎಂತ, ಶಬ್ದ ನಿಂತಿತು? ನನ್ನ ಅಕ್ಷರ ಅರ್ಥ ಆಗ್ಲಿಲ್ವಾ?" ಎಂದು ಆಗ್ನೆಸ್ ಒಳಗಿನಿಂದ ಕೂಗಿದಳು.

"ಈ ರಾಬರ್ಟ್ ಯಾರು?" ಎಂದೆ.

ಅವಳು ದೋಸೆಯ ಸಟ್ಟುಗ ಹಿಡಿದುಕೊಂಡೇ ಬಂದು ನಕ್ಕಳು. "ಹೆದರಬೇಡಿ, ನಿಮ್ಮನ್ನು ನೋಡಿ ಬರೆದದ್ದಲ್ಲ. ನೀವು ಪಾಪ, ಬಾಪ್ಪು ಕೊಟ್ಟ ಕಾಗದವನ್ನು ಓದದೆ ತಂದವರು."

ಆ ನಗುವನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಮದುವೆಗೆ ಮೊದಲು ಬರೆದುಕೊಟ್ಟ ಹಾಳೆ, ಕಿಸೆಯಲ್ಲಿದ್ದ ಪಾಸ್‌ಪೋರ್ಟ್, ಬಾಪ್ಪುವಿಗೆ ಹೇಳಿದ ಸುಳ್ಳು. ಅವಳು ನಿಂತೇ ಕೇಳಿದಳು. ಕೊನೆಗೆ ಒಂದೇ ಒಂದು ಪ್ರಶ್ನೆ.

"ವೆಲಿಟಾಳ ಮದುವೆಗೆ ಹೋದ ದಿನವೂ, ನನ್ನನ್ನು ಯಾಕೆ ಕರೀಲಿಲ್ಲ ಅಂತ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಒಲೆ ಆರಿಸಿ, ಸೀರೆ ಬದಲಿಸಿ, ಒಬ್ಬಳೇ ಇಗರ್ಜಿಗೆ ಹೋದಳು.

ಹನ್ನೊಂದು ದಿನ ಅವಳು ನನಗೆ ಟೈಪ್ ಮಾಡಲು ಒಂದು ಹಾಳೆಯನ್ನೂ ಕೊಡಲಿಲ್ಲ. ಊಟ ಬಡಿಸುತ್ತಿದ್ದಳು, ಉಪ್ಪು ಬೇಕಾ ಎಂದು ಕೇಳುತ್ತಿದ್ದಳು, ಅಷ್ಟೇ. ಬರೆಯುತ್ತಿದ್ದಳು ಮಾತ್ರ. ಕಿಟಕಿಯ ಹತ್ತಿರ ಕುಳಿತು, ನನಗೆ ಬೆನ್ನು ಮಾಡಿ. ನಾನು ಕೆಲಸಕ್ಕೆ ಹೋಗಿ ಪೆಟ್ಟಿಗೆಗಳ ನಡುವೆ ನಿಂತು, ಇನ್ನು ಈ ವಯಸ್ಸಿನಲ್ಲಿ ಇವಳು ನನ್ನನ್ನು ಬಿಟ್ಟರೆ ಎಂದು ಯೋಚಿಸುತ್ತಿದ್ದೆ. ಬಿಡಲು ಅವಳಿಗೆ ಎಲ್ಲ ಹಕ್ಕೂ ಇತ್ತು.

ಹನ್ನೆರಡನೆಯ ದಿನ ಸಂಜೆ ನಾನು ಬರುವಾಗ ಮೇಜಿನ ಮೇಲೆ ಹಾಳೆಗಳಿದ್ದವು. ಹತ್ತನೆಯ ಅಧ್ಯಾಯ. ಕುಳಿತೆ. ಮೊದಲ ಸಾಲು, "ಆ ಚಳಿಗಾಲದಲ್ಲಿ ರಾಬರ್ಟ್ ಜ್ವರ ಬಂದು ತೀರಿಹೋದ."

ನೀವು ನಗುತ್ತಿದ್ದೀರಿ. ಅಂದು ನಾನು ನಗಲಿಲ್ಲ. ಟೈಪ್ ಮಾಡಿದೆ, ಒಂದು ಅಕ್ಷರವೂ ತಪ್ಪಿಲ್ಲದೆ. ಆಮೇಲೆ ಕೇಳಿದೆ, "ಇಷ್ಟು ಬೇಗ ಕೊಂದೆಯಾ?"

"ಅವನಿಂದ ಇನ್ನು ಕೆಲಸ ಇರ್ಲಿಲ್ಲ," ಎಂದಳು ತಿರುಗಿ ನೋಡದೆ.

"ನನ್ನಿಂದ?"

"ನಿಮ್ಮಿಂದ ಒಂದು ಕೆಲಸ ಉಂಟು. ಬಾಪ್ಪುವಿಗೆ ಫೋನ್ ಮಾಡಿ. ನನ್ನ ಎದುರೇ."

ಬಾಪ್ಪುವಿಗೆ ಈಗ ಎಂಬತ್ತನಾಲ್ಕು. ಕಿವಿ ಸ್ವಲ್ಪ ಮಂದ. ನಾನು ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಯಿತು, ನಮ್ಮ ಕಟ್ಟಡದ ನಾಲ್ಕು ಮಾಳಿಗೆಗೂ ಕೇಳಿಸಿರಬೇಕು. "ಬಾಪ್ಪು, ಅವತ್ತು ಸಹಿ ಬೇಡ ಅಂದದ್ದು ಆಗ್ನೆಸ್ ಅಲ್ಲ! ನಾನು! ಅವಳು ಹಾಕಲಿಕ್ಕೆ ತಯಾರಿದ್ದಳು!"

ಆ ಕಡೆಯಿಂದ ಮುದುಕರ ಸ್ವರ ಬಂತು. "ನೀನು ಅಂತ ಗೊತ್ತಾಗಿದ್ರೆ ನಿನ್ನನ್ನು ಅದೇ ವಾರ ವಿಮಾನ ಹತ್ತಿಸ್ತಿದ್ದೆ. ಅಣ್ಣನ ಮಗಳು ಬೇಡ ಅಂದಳು ಅಂತ ಸುಮ್ಮನಾದೆ. ಅವಳ ಜಾಗ, ಅವಳು ಬೇಡ ಅಂದ್ರೆ ನಾನು ಎಂತ ಹೇಳುದು?" ಆಮೇಲೆ ಸ್ವರ ತಗ್ಗಿಸಿ ಹೇಳಿದರು. "ಇಷ್ಟು ವರ್ಷ ಆ ಹುಡುಗಿಯ ಹತ್ತಿರ ಮಾತಾಡದೆ ಕೂತೆನಲ್ಲ ಮಾರಾಯ. ಅಲ್ಲಿದ್ದಾಳಾ? ಫೋನ್ ಕೊಡು."

ಆಗ್ನೆಸ್ ಫೋನ್ ತೆಗೆದುಕೊಂಡು, "ಬಾಪ್ಪು" ಎಂದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ನಲವತ್ತು ನಿಮಿಷ ಅವರಿಬ್ಬರೂ ಮಾತನಾಡಿದರು. ಒಳಗಿನಿಂದ ಒಮ್ಮೆ ಅಳು ಕೇಳಿಸಿತು. ಕೊನೆಗೆ ನಗು ಕೇಳಿಸಿತು. ಆ ನಗು ಕೇಳಿದ ಮೇಲೂ ನಾನು ಮೆಟ್ಟಿಲ ಮೇಲೆಯೇ ಕುಳಿತಿದ್ದೆ. ಅಷ್ಟು ಹಗುರವಾಗಿದ್ದೆನೋ, ಅಷ್ಟು ಸುಸ್ತಾಗಿದ್ದೆನೋ, ತಿಳಿಯದು.

ಬೇಸಿಗೆ ರಜೆಯಲ್ಲಿ ಅವಳು ಊರಿಗೆ ಹೋದಳು. ಬಾಪ್ಪು ಕೋಲೂರಿಕೊಂಡು ಅವಳ ಜೊತೆ ಹಿತ್ತಲಿಡೀ ನಡೆದರಂತೆ. ಇಪ್ಪತ್ತು ವರ್ಷದಿಂದ ಆ ಹಿತ್ತಲನ್ನು ನೋಡಿಕೊಳ್ಳುತ್ತಿರುವ ಕುಸುಮಾವತಿಯಕ್ಕ ಎಲ್ಲ ಗಿಡಗಳನ್ನೂ ಚೆನ್ನಾಗಿ ಇಟ್ಟಿದ್ದಾರಂತೆ. ವೆಲಿಟಾ ಮಂಗಳೂರಿನಿಂದ ಬಂದು ಎರಡು ದಿನ ಉಳಿದಳಂತೆ. ತನ್ನ ಮದುವೆಯ ಸೀರೆಯನ್ನೂ ತಂದು ತೋರಿಸಿದಳಂತೆ. ಕೆನೆ ಬಣ್ಣದ್ದು, ಜರಿಯಂಚು. ನನಗೆ ಈಗ ಗೊತ್ತಾಯಿತು.

ಊರಿನಲ್ಲಿ ಹೀಗೆ ಸರಿಯಾಯಿತು. ಆದರೆ ಇಲ್ಲಿ? ಈ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ನನ್ನ ಹಳೆಯ ಸಹೋದ್ಯೋಗಿ ಯಶೋಧರ ಇದ್ದಾರೆ. ಆ ಚಹಾದ ಹೊತ್ತಿನಲ್ಲಿ ಅವರೂ ಕುಳಿತಿರುತ್ತಿದ್ದರು. "ನಿಮ್ಮ ಹೆಂಡ್ತಿ ಭಾರೀ ಗಟ್ಟಿ ಅಂತೆ ಭಾಯಿ" ಎಂದು ಎಷ್ಟೋ ಸಲ ಹೇಳಿದ್ದಾರೆ. ಇನ್ನೂ ಕೆಲವರು ಇಲ್ಲಿದ್ದೀರಿ. ಚಿಕ್ಕಪ್ಪನ ಉಪ್ಪು ತಿಂದು ಅವನಿಗೇ ಎದುರು ನಿಂತವಳು ಎಂದು ಆಗ್ನೆಸಳ ಬಗ್ಗೆ ಕೇಳಿದ್ದೀರಿ. ಕೇಳಿದ್ದನ್ನು ನಂಬಿದ್ದೀರಿ, ಹೇಳಿದ್ದು ಗಂಡನೇ ಅಲ್ಲವೇ? ನಾನು ಹೇಳಿದ ಸುಳ್ಳನ್ನು ನಾನೇ ಮೈಕಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಹೇಳುತ್ತೇನೆಂದು ಮನೆಯಿಂದ ಹೊರಡುವಾಗ ನನಗೂ ಗೊತ್ತಿರಲಿಲ್ಲ. ಮೈಕಿನ ಎದುರು ನಿಂತಾಗ ಯಶೋಧರರ ಮುಖ ಕಂಡಿತು, ಅಷ್ಟೇ.

ಅಧ್ಯಕ್ಷರು ಎರಡು ಸಲ ಕೆಮ್ಮಿದ್ದಾರೆ. ಮುಗಿಸುತ್ತೇನೆ.

ಬರುವ ಮಾರ್ಚಿಗೆ ನಮ್ಮಿಬ್ಬರ ಕೆಲಸವೂ ಮುಗಿಯುತ್ತದೆ. ಶಂಕರಪುರಕ್ಕೆ ಹೋಗುತ್ತೇವೆ. ಹಿತ್ತಲಿನ ಮೂಲೆಯಲ್ಲಿ ಒಂದು ಸಣ್ಣ ಮನೆ ಕಟ್ಟುವುದೆಂದು ಆಗ್ನೆಸ್ ನಿರ್ಧಾರ ಮಾಡಿದ್ದಾಳೆ. ಮೊನ್ನೆ ನಕ್ಷೆ ಬಂತು. ಅದರ ಜೊತೆಗಿದ್ದ ಪರವಾನಗಿ ಅರ್ಜಿಯ ಮೇಲೆ ಒಡೆಯರ ಹೆಸರಿನ ಜಾಗ ಖಾಲಿ ಇತ್ತು. ನಾನು ಪೆನ್ನನ್ನು ಅವಳ ಕೈಗೆ ಕೊಟ್ಟು ಕೇಳಿದೆ, ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಮೊದಲ ಸಲ ಸರಿಯಾಗಿ ಕೇಳಿದೆ, "ಯಾರ ಹೆಸರಿನಲ್ಲಿ ಆಗ್ನೆಸ್?"

"ನನ್ನ ಹೆಸರಿನಲ್ಲಿ," ಎಂದಳು. ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ನನ್ನ ಮುಖ ನೋಡಿ, "ನೀವು ಬಂದು ಇರಬಹುದು" ಎಂದಳು.

ಸಭಿಕರೇ, ನನ್ನ ಜೀವಮಾನದಲ್ಲಿ ನನಗೆ ಸಿಕ್ಕಿದ ವೀಸಾಗಳಲ್ಲಿ ಇದೇ ದೊಡ್ಡದು.

ಎರಡು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿದ ಸಂಘಕ್ಕೂ, ಅತಿಥಿಗಳಿಗೂ, ತಲೆ ತಗ್ಗಿಸಿ ಕಣ್ಣು ಒರೆಸಿಕೊಳ್ಳುತ್ತಿರುವ ಲೇಖಕಿಗೂ, ನಿಮ್ಮೆಲ್ಲರಿಗೂ ನನ್ನ ಮನಸ್ಸಿನ ಕೃತಜ್ಞತೆ. ಪುಸ್ತಕ ಕೊಂಡು ಓದಿ, ರಾಬರ್ಟನನ್ನು ಕ್ಷಮಿಸಬೇಡಿ. ನಮಸ್ಕಾರ.